ಹಾಡಿನ ಪಟ್ಟಿ ಎಲ್ಲಿ?

ಕುಮಟಾದಲ್ಲಿ ನಾವೊಂದಿಷ್ಟು ಜನ ಸೇರಿ ಕಟ್ಟಿಕೊಂಡ ಸಂಗೀತ ಬಳಗವಿದೆ. ಮೊದಲೇ ಏನೂ ನಿರ್ಧರಿಸದೆ, ಒಬ್ಬರಿಗೊಬ್ಬರು ಕಿವಿಗೊಟ್ಟು, ಆ ಕ್ಷಣಕ್ಕೆ ಹುಟ್ಟಿದ್ದನ್ನು ಹಾಡುವುದು, ನುಡಿಸುವುದು ನಮ್ಮ ಪದ್ಧತಿ. ಕಾರ್ಯಕ್ರಮಕ್ಕೆ ಸಭಾಭವನ ಕೇಳಲು ಪುರಸಭೆಯ ಕಚೇರಿಗೆ ಹೋದಾಗ ಹಿರೇಗುತ್ತಿಯ ಮಾದೇವಿಯಕ್ಕನೂ ಜೊತೆಗಿದ್ದಳು. ನಾಟಿಗದ್ದೆಯಲ್ಲಿ ನಿಂತ ನಿಲುವಲ್ಲೇ ಪದ ಕಟ್ಟಿ ಹಾಡುವವಳು ಆಕೆ.

ಗುಮಾಸ್ತ ಅರ್ಜಿ ನೋಡಿ, "ಹಾಡಿನ ಪಟ್ಟಿ ಎಲ್ಲಿ?" ಅಂದ.

"ಪಟ್ಟಿ ಇಲ್ಲ ಸರ್. ಹಾಡು ಅಲ್ಲೇ ಹುಟ್ತದೆ."

"ಹುಟ್ಟೂದಾದ್ರೆ ಆಸ್ಪತ್ರೆಗೆ ಹೋಗಿ!"

ಕಚೇರಿಗೆ ಕಚೇರಿಯೇ ನಕ್ಕಿತು. ಅವನು ಅಷ್ಟಕ್ಕೇ ಬಿಡಲಿಲ್ಲ. ಅಕ್ಕನತ್ತ ಪೆನ್ನು ತೋರಿಸಿ, "ಇವ್ರು ಹೇಳೂದು ಯಾರು ಬರೆದ ಹಾಡು?" ಎಂದ.

"ಯಾರೂ ಬರೀಲಿಲ್ಲ. ಹೇಳ್ತಾ ಹೋದಂಗೆ ಬತ್ತದೆ" ಅಂದಳು ಅಕ್ಕ.

"ಹಾಗಾದ್ರೆ ಅದು ಹಾಡೇ ಅಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಅರ್ಧ ಊರಿನ ನಾಟಿ ಸಾಗಿದ್ದೇ ಇವಳ ದನಿಯ ಮೇಲೆ! ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೇಳಿದಳು: "ತಮ್ಮಾ, ಇಲ್ಲಿ ಭಾಷಣ ಮಾಡೂವವ್ರೂ ಎಂತ ಮಾತಾಡ್ತ್ರು ಅಂತ ಮೊದಲೇ ಬರದು ಕೊಡ್ತ್ರಾ?"

"ಅದು ಬೇರೆ" ಎಂದವನು ಅರ್ಜಿಯನ್ನು ನನ್ನ ಕೈಗೆ ತುರುಕಿದ.

ಕೊನೆಗೆ ಹೊನ್ನಾವರದ ಮೀನು ಹರಾಜಿನ ಶೆಡ್ಡಿನಲ್ಲಿ ಹಾಡಲು ಕೂತೆವು. ಮೀನು ಮಾರುವ ಹೆಂಗಸರೇ ನೆಲ ತೊಳೆದು ಜಾಗ ಕೊಟ್ಟರು. ನಮ್ಮ ಬಳಗದ, ಭಟ್ಕಳದ ಟೇಲರ್ ಇಸ್ಮಾಯಿಲ್‌ಭಾಯಿ ಬುಲ್‌ಬುಲ್ ತರಂಗ ನುಡಿಸುತ್ತ ಹೋದರು, ಅಕ್ಕ ಆ ಕಚೇರಿಯ ಮೇಲೆಯೇ ಪದ ಕಟ್ಟಿದಳು. ಹೆಂಗಸರು ಬಿದ್ದು ಬಿದ್ದು ನಕ್ಕು, "ಇನ್ನೊಂದ್ಸಲ ಹೇಳು" ಅಂದರು. ಅಕ್ಕನಿಗೆ ಒಂದು ಸಾಲೂ ನೆನಪಿರಲಿಲ್ಲ. ಬರೆದಿಟ್ಟುಕೊಂಡಿದ್ದರೆ ಒಳ್ಳೆಯದಿತ್ತು ಎಂದು ಆಗ ನನಗೂ ಅನ್ನಿಸಿತು. ಅದನ್ನು ಆ ಗುಮಾಸ್ತನಿಗೆ ಮಾತ್ರ ಯಾರೂ ಹೇಳಬೇಡಿ.