ಎಳೆ ಹರಿದ ಪುಟ

ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ರಾಮದುರ್ಗದ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಗಣಿತ ಉಪನ್ಯಾಸಕಿ. ತಪ್ಪು ಉತ್ತರ ಕಂಡರೆ ಪುಟದ ಉದ್ದಕ್ಕೂ ಕೆಂಪು ಗೆರೆ ಎಳೆಯುವವಳೆಂದು ಹೆಸರಾಗಿದ್ದೆ. ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು.

ಒಂದು ಮಧ್ಯಾಹ್ನ ಸುರೇಬಾನದ ನೇಕಾರ ರಾಜೇಸಾಬರು ದಪ್ಪ ನೋಟ್‌ಬುಕ್ ಹಿಡಿದು ಸ್ಟಾಫ್ ರೂಮಿಗೆ ಬಂದರು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ನಾನು ಕ್ಲಾಸಿನಲ್ಲಿ ಹೇಳಿದ್ದ ಒಂದು ಪ್ರಶ್ನೆಯನ್ನು ಅವಳು ಮನೆಯಲ್ಲಿ ಹೇಳಿದ್ದಳಂತೆ. 11 ಮತ್ತು 13, 17 ಮತ್ತು 19: ಹೀಗೆ ಎರಡರ ಅಂತರದಲ್ಲಿ ಬರುವ ಅವಿಭಾಜ್ಯ ಸಂಖ್ಯೆಗಳನ್ನು ಅವಳಿ ಅವಿಭಾಜ್ಯಗಳು ಎನ್ನುತ್ತೇವೆ. ಇಂಥ ಜೋಡಿಗಳು ಎಲ್ಲಾದರೂ ಮುಗಿಯುತ್ತವೆಯೇ? ಇಂದಿಗೂ ಯಾರಿಗೂ ಗೊತ್ತಿಲ್ಲ.

“ಮುಗಿಯೂದಿಲ್ರಿ ಅಕ್ಕಾರ. ಹನ್ನೊಂದು ವರ್ಷ ಕುಂತು ಬರದೇನಿ,” ಎಂದರು.

ನಾನು ನೋಟ್‌ಬುಕ್ ತೆರೆಯಲೂ ಇಲ್ಲ. “ದೊಡ್ಡ ದೊಡ್ಡವರ ಕೈಲೇ ಆಗಿಲ್ಲ ಕಾಕಾ. ಇದು ತಪ್ಪೇ ಇರತೈತಿ,” ಎಂದೆ.

“ಇರಬಹುದ್ರಿ. ಎಳಿ ಎಲ್ಲಿ ಹರದೈತಿ, ಅಷ್ಟು ತೋರಸ್ರಿ. ಕಣ್ಣು ಹೊಂಟಾವಂತ ಡಾಕ್ಟರ್ ಹೇಳ್ಯಾರ. ಕಾಣೂದರೊಳಗ ತಿಳಕೋಬೇಕು.”

ನಾಚಿಕೆಯಾಯಿತು. ನೋಟ್‌ಬುಕ್ ಮನೆಗೆ ಒಯ್ದೆ.

ಅವರು ಸಂಖ್ಯೆಗಳನ್ನು ಮಗ್ಗದ ಎಳೆಗಳಂತೆ ಸಾಲಾಗಿ ಇಟ್ಟಿದ್ದರು. 2, 3, 5, 7ರಿಂದ ಭಾಗವಾಗುವ ಎಳೆಗಳನ್ನೆಲ್ಲ ತೆಗೆದರೆ, ಉಳಿಯುವ ಡಿಸೈನ್ 210 ಎಳೆಗೊಮ್ಮೆ ಮರಳಿ ಬರುತ್ತದೆ. ಪ್ರತಿ ಸಲವೂ ಅದರಲ್ಲಿ ಹದಿನೈದು ಜೋಡಿ ಉಳಿಯುತ್ತವೆ. ಒಂದು ಲೆಕ್ಕವೂ ತಪ್ಪಿರಲಿಲ್ಲ. ಆ ಬರವಣಿಗೆಗೆ ಒಗ್ಗಿಕೊಳ್ಳಲು ನನಗೆ ನಾಲ್ಕು ದಿನ ಹಿಡಿಯಿತು. ನಡುವೆ ಒಮ್ಮೆ, ಅಯ್ಯೋ, ಇದು ಸರಿಯೇ ಇದ್ದುಬಿಟ್ಟರೆ ಎಂದು ಮೊದಲ ಪುಟಕ್ಕೇ ಮರಳಿದ್ದೂ ಉಂಟು.

61ನೇ ಪುಟದಲ್ಲಿ ಸಿಕ್ಕಿತು. “ಒಮ್ಮೆ ಉಳಿದ ಜೋಡಿ ಮುಂದೂ ಉಳಿತೈತಿ” ಎಂದು ಬರೆದಿದ್ದರು. 41, 43ರ ಜೋಡಿ 210 ಎಳೆ ದಾಟಿ 251, 253 ಆಗುತ್ತದೆ. ಆದರೆ 253 ಎಂದರೆ 11 ಗುಣಿಸು 23. ಹೊಸ ಅವಿಭಾಜ್ಯ ಬಂದಾಗಲೆಲ್ಲ ಹಳೆಯ ಕೆಲವು ಜೋಡಿಗಳನ್ನು ಕಿತ್ತುಹಾಕುತ್ತದೆ. ಸೀರೆಯ ಡಿಸೈನ್ ಒಮ್ಮೆ ಕೂತರೆ ಕೂತಿತು. ಸಂಖ್ಯೆಗಳದ್ದು ಎಂದೂ ಕೂರುವುದಿಲ್ಲ. ಮಗ್ಗದ ಮುಂದೆ ಬಾಳಿದವರಷ್ಟೇ ಮಾಡಬಹುದಾದ ತಪ್ಪು ಅದು.

ರವಿವಾರ ಸುರೇಬಾನದ ಬಸ್ ಹತ್ತಿದೆ. ಮಗ್ಗದ ಪಕ್ಕ ಕೂತು ಆ ಸಾಲು ತೋರಿಸಿದೆ. ರಾಜೇಸಾಬರು ಪುಟವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಬಾಯಲ್ಲೇ ಗುಣಿಸಿದರು. ಇನ್ನೊಮ್ಮೆ ಗುಣಿಸಿ ನೋಡಿದರು.

“ಖರೇನ ಹರದೈತ್ರಿ,” ಎಂದರು ಕಡೆಗೆ. “ಇಲ್ಲಿ ಯಾರರ ಗಂಟ ಹಾಕ್ಯಾರೇನ್ರಿ?”

“ಇಲ್ಲ ಕಾಕಾ. ದೊಡ್ಡವರೂ ಇಂಥಲ್ಲೇ ಬಂದು ನಿಂತಾರ.”

“ಹಂಗಾರ ನಾ ಬರೋಬ್ಬರಿ ಜಾಗಾಕ್ಕ ಬಂದೇನಿ!” ಎಂದು ನಕ್ಕರು. ನನಗೆ ಅಳು ತಡೆಯಲಾಗಲಿಲ್ಲ.

ಅವರು ಒಂದು ತುಂಡು ನೂಲು ಹರಿದು ಆ ಪುಟದ ಅಂಚಿಗೆ ಪೋಣಿಸಿ ಗಂಟು ಹಾಕಿದರು. “ಕಣ್ಣು ಹ್ವಾದ ಮ್ಯಾಲೆ ಬೆರಳಿಗರ ಸಿಗಲಿ,” ಎಂದರು.

ಉಳಿದ ಎರಡು ವರ್ಷ ನಾನು ಯಾರ ಉತ್ತರಪತ್ರಿಕೆಯ ಮೇಲೂ ಉದ್ದ ಗೆರೆ ಎಳೆಯಲಿಲ್ಲ. ತಪ್ಪಿದ ಸಾಲು ಹುಡುಕಿ, ಅದರ ಪಕ್ಕ ಒಂದು ಚುಕ್ಕೆ ಇಟ್ಟೆ. ತಪ್ಪು ಎಂದುಬಿಡಲು ಇಷ್ಟು ವರ್ಷದ ಸರ್ವಿಸ್ ಬೇಕಿರಲಿಲ್ಲ. ಎಲ್ಲಿ ತಪ್ಪಿತೆಂದು ತೋರಿಸಬೇಕಾದರೆ ಎದುರಿನವರು ಬರೆದದ್ದನ್ನು ಅವರಷ್ಟೇ ಶ್ರದ್ಧೆಯಿಂದ ಓದಬೇಕು. ಅದನ್ನು ನಾನು ಕಲಿತದ್ದು ತೀರ ತಡವಾಗಿ, ಸುರೇಬಾನದ ಒಂದು ಮಗ್ಗದ ಪಕ್ಕ ಕೂತು.