ಕುಂಕುಮ ಇಟ್ಟ ಡಿಸ್ಕು ಮತ್ತು ಚಿಕ್ಕತಾಯಮ್ಮಜ್ಜಿಯ ಸೋಬಾನೆ

ಆಯುಧಪೂಜೆಯ ಮಾರನೇ ದಿನ ಬೆಳಿಗ್ಗೆ, ಹಣೆಗೆ ವಿಭೂತಿ ಧರಿಸಿ, ಸಕಲ ಗಾಂಭೀರ್ಯದೊಂದಿಗೆ ನಾನು ಒಂದು ಮದುವೆಯನ್ನೇ ಅಳಿಸಿಹಾಕಿದೆ.

ಹುಣಸೂರಿನ ಸ್ಟುಡಿಯೋ ಒಂದರಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ನಮ್ಮ ಲಿನಕ್ಸ್ ಕಂಪ್ಯೂಟರಿನ ಎರಡು ಹಾರ್ಡ್‌ಡಿಸ್ಕ್‌ಗಳಿಗೆ ಓನರ್ ಶಿವಣ್ಣ ಸಾಫ್ಟ್‌ವೇರ್ ರೇಡ್ ಹಾಕಿದ್ದಾರೆ. ಅಂದರೆ ಒಂದರಲ್ಲಿ ಬರೆದದ್ದೆಲ್ಲ ಆಗಿಂದಾಗಲೇ ಇನ್ನೊಂದರಲ್ಲೂ ಇರುತ್ತದೆ.

"ಒಂದೇ ಮದ್ವೆಗೆ ಎರಡು ಛತ್ರ ಬುಕ್ ಮಾಡ್ದಂಗಾಯ್ತಲ್ಲಣ್ಣ" ಎಂದು ನಾನು ರೇಗಿಸುತ್ತಲೇ ಇದ್ದೆ.

ಜಾಗ ಸಾಲದೆ ಮೂರನೆಯ ಹೊಸ ಡಿಸ್ಕ್ ಹಾಕಿದ್ದೆವು. ಅದಕ್ಕೆ ಸಿಸ್ಟಮ್ ಕೊಟ್ಟ ಹೆಸರು ಎಸ್‌ಡಿಡಿ. ಹಬ್ಬ ಕಳೆದ ಮೇಲೆ ಪಾರ್ಟಿಷನ್ ಮಾಡಿ, ಅಂದರೆ ಭಾಗ ಹಾಕಿ, ಬಳಸೋಣ ಎಂದಾಯಿತು.

ಹಬ್ಬದ ದಿನ ಕ್ಯಾಮೆರಾ, ಟ್ರೈಪಾಡ್‌ಗಳಿಗೆಲ್ಲ ಕುಂಕುಮ ಇಟ್ಟ ಶಿವಣ್ಣ ಕಂಪ್ಯೂಟರ್ ಮುಂದೆ ನಿಂತರು.

"ಬರೀ ಡಬ್ಬಕ್ಕಿಟ್ರೆ ಆಯ್ತದೇನ್ಲಾ? ದುಡಿಯೋವು ಒಳಗವೆ ಕಣ."

ಬಿಚ್ಚಿದೆವು. ಮೂರೂ ಡಿಸ್ಕ್ ಹೊರತೆಗೆದು, ಒರೆಸಿ, ಕುಂಕುಮವಿಟ್ಟು, ಮಂಗಳಾರತಿ ಎತ್ತಿ... ವಾಪಸ್ ಹಾಕುವಾಗ ಯಾವ ಕೇಬಲ್ ಯಾವುದಕ್ಕಿತ್ತೆಂದು ಯಾರೂ ನೋಡಲಿಲ್ಲ.

ಕೇಬಲ್ ಅದಲುಬದಲಾದರೆ ಡಿಸ್ಕಿನ ಹೆಸರೂ ಬದಲಾಗಬಹುದೆಂದು ಅಂದಿನ ಅರ್ಚಕರಿಗೆ, ಅಂದರೆ ನನಗೆ, ಹೊಳೆಯಲೇ ಇಲ್ಲ.

ಮಾರನೇ ದಿನ ಎಸ್‌ಡಿಡಿ ಎಂದು ಟೈಪ್ ಮಾಡಿ ಪಾರ್ಟಿಷನ್ ಶುರುಮಾಡಿದೆ. ಇದರ ಮೇಲೆ ರೇಡ್ ಗುರುತಿದೆ ಎಂದು ಸಿಸ್ಟಮ್ ಎಚ್ಚರಿಸಿತು. ಅಂಗಡಿಯವನು ಹೊಸದೆಂದು ಯಾರದೋ ಹಳೇ ಡಿಸ್ಕ್ ದಾಟಿಸಿದ್ದಾನೆಂದು ಅವನನ್ನೇ ಬೈದುಕೊಂಡು ಹೊಸ ಪಾರ್ಟಿಷನ್ ಬರೆದೆ. ಡಿಸ್ಕ್ ಬಳಕೆಯಲ್ಲಿದೆ ಎಂದಿತು. ರೀಸ್ಟಾರ್ಟ್ ಮಾಡಿ ಫಾರ್ಮ್ಯಾಟನ್ನೂ ಮುಗಿಸಿದೆ.

ಆಮೇಲೆ ನೋಡಿದರೆ ಪಕ್ಕದಲ್ಲಿ ಇನ್ನೊಂದು ಡಿಸ್ಕ್ ಖಾಲಿ ಕೂತಿದೆ.

ಹೊಸದು ಅದು. ನಾನು ಅಳಿಸಿದ್ದು ಮದುವೆಗಳಿದ್ದ ಜೋಡಿಯಲ್ಲೊಂದನ್ನು.

ಸರಿಯಾಗಿ ಆಗಲೇ ಬಾಗಿಲಲ್ಲಿ ಕಂಪಲಾಪುರದ ಚಿಕ್ಕತಾಯಮ್ಮಜ್ಜಿ. ನಾವು ವಿಡಿಯೋ ತೆಗೆದ ಮೊಮ್ಮಗಳ ಮದುವೆಯಲ್ಲಿ ಸೋಬಾನೆ ಪದವೊಂದನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದವರು. ಅದು ಪೂರ್ತಿ ಬರುವುದು ಅವರೊಬ್ಬರಿಗೇ. ಮದುವೆಯ ನಂತರ ಗಂಟಲಿನ ಆಪರೇಷನ್ ಆಗಿ ಈಗ ದನಿ ಬರೀ ಪಿಸುಮಾತು.

ಕ್ಯಾಮೆರಾದ ಕಾರ್ಡನ್ನು ನಾವು ಆಗಲೇ ಖಾಲಿ ಮಾಡಿ ಬೇರೆ ಮದುವೆಗೆ ಒಯ್ದಿದ್ದೆವು.

"ನನ್ ಪದ ಐತೇನ್ಲಾ ಮಗ ಅದ್ರೊಳಗೆ?"

"ಮೊದ್ಲು ಕಾಫಿ ಕುಡೀರಜ್ಜಿ" ಎಂದೆ. ಜೀವನದಲ್ಲಿ ಯಾರಿಗೂ ಇಷ್ಟು ಭಕ್ತಿಯಿಂದ ಕಾಫಿ ತರಿಸಿದವನಲ್ಲ.

ರೇಡ್ ಸ್ಥಿತಿ ನೋಡಿದೆ. ಜೋಡಿಯಲ್ಲಿ ಒಂದು ನಾಪತ್ತೆ, ನನ್ನ ಕೃಪೆ. ಇನ್ನೊಂದು ಮಾತ್ರ ಹಣೆಯ ಕುಂಕುಮದ ಸಮೇತ ಒಂಟಿಯಾಗಿ ಓಡುತ್ತಿದೆ.

ಫೋಲ್ಡರ್ ತೆರೆದೆ... ಇದೆ. ಪೂರ್ತಿ ಇದೆ.

ಮೊದಲು ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಆಮೇಲೆ ಅಜ್ಜಿಗೆ ಹೆಡ್‌ಫೋನ್ ಹಾಕಿದೆ. ಅವರು ಕಣ್ಣು ಮುಚ್ಚಿದ್ದಾರೆ, ತುಟಿ ಮಾತ್ರ ಹಾಡಿನ ಜೊತೆಗೇ ಆಡುತ್ತಿದೆ.

"ಕೊನೇಲಿ ಉಸ್ರು ಸಾಲ್ನಿಲ್ಲ, ಅಲ್ವಾ?"

"ಸಾಲ್ತು ಬುಡಿ ಅಜ್ಜಿ."

ಅವರು ಹೊರಟ ಮೇಲೆ ಶಿವಣ್ಣನಿಗೆ ಎಲ್ಲ ಹೇಳಿದೆ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಅವರು ಕೇಳಿದ್ದು ಒಂದೇ.

"ಎರಡ್ನೇ ಛತ್ರದಲ್ಲಿ ಊಟ ಆಯ್ತೇನ್ಲಾ?"

ನಾನು ಅಳಿಸಿದ ಡಿಸ್ಕನ್ನು ಶುಚಿ ಮಾಡಿ ಮತ್ತೆ ರೇಡ್‌ಗೆ ಸೇರಿಸಿದೆವು. ಉಳಿದದ್ದರಿಂದ ಇಡೀ ದಿನ ಅದಕ್ಕೆ ಎಲ್ಲವೂ ನಕಲಾಗುತ್ತಾ ಕೂತಿತು, ನಾನು ಕಾವಲು ಕೂತೆ. ಈಗ ಪ್ರತಿ ಡಿಸ್ಕಿನ ಸೀರಿಯಲ್ ನಂಬರನ್ನು ಅದರ ಹಣೆಯ ಮೇಲೇ ಬರೆದು ಅಂಟಿಸಿದ್ದೇನೆ, ಕುಂಕುಮಕ್ಕೂ ಜಾಗ ಬಿಟ್ಟು.

ಆ ಒಂಟಿ ಡಿಸ್ಕಿಗೂ, ನನ್ನ ಕುಚೋದ್ಯಕ್ಕೆ ಜಗ್ಗದ ಶಿವಣ್ಣನಿಗೂ ಈ ಮೂಲಕ ಸಾಷ್ಟಾಂಗ ನಮಸ್ಕಾರ.

ನಿಮ್ಮ ಮನೆಯ ಅಜ್ಜಿಯ ದನಿ ಸದ್ಯ ಎಷ್ಟು ಕಡೆ ಇದೆ?