ಕೊಯ್ದ ಎರಡು ಹಾಳೆ

ಪುಸ್ತಕ ಹಿಡಿಸದಿದ್ದರೆ ದೊಡ್ಡಕ್ಕೋರ ಮೇಲ್ದುಟಿ ಎಡಗಡೆ ಮಾತ್ರ ಎತ್ತಿಕೊಳ್ಳುತ್ತಿತ್ತು, ಹಳಸಿದ ಅನ್ನದ ಪಾತ್ರೆಯ ಮುಚ್ಚಳ ತೆಗೆದವರ ಹಾಗೆ. ಆಮೇಲೆ ಪುಸ್ತಕವನ್ನು ಎರಡೇ ಬೆರಳಲ್ಲಿ ಹಿಡಿದು ದೂರ ಸರಿಸುತ್ತಿದ್ದರು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಧಾರವಾಡದ ಕಡೆಯಿಂದ ಸಿದ್ದಾಪುರದ ಹೆಣ್ಣುಮಕ್ಕಳ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಂದವರು. ನಮ್ಮಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು ಸಣ್ಣಕ್ಕೋರು.

ಭಾನುವಾರ ಮಧ್ಯಾಹ್ನ ಅವರ ಬಾಡಿಗೆ ಮನೆಯಲ್ಲಿ ನಾವೊಂದಿಷ್ಟು ಹೆಂಗಸರು ಸೇರುತ್ತಿದ್ದೆವು. ಒಬ್ಬಳು ತನಗಿಷ್ಟವಾದ ಪುಸ್ತಕ ಹೇಳಬೇಕು, ಉಳಿದವರು ಸರದಿಯ ಮೇಲೆ ವಾಚನಾಲಯದಿಂದ ತಂದು ಓದಬೇಕು, ಆಮೇಲೆ ಚರ್ಚೆ. "ಬರೇ ಛಲೋ ಅದ ಅಂದ್ರ ನಡ್ಯಾಂಗಿಲ್ಲ. ಎಲ್ಲಿ ಓದೋವಾಗ ಒಲಿ ಮ್ಯಾಲಿನ ಹಾಲು ಮರ್ತ್ರಿ, ಅದನ್ನ ಹೇಳ್ರಿ," ಎನ್ನುತ್ತಿದ್ದರು. ನಾನು ಮೆಚ್ಚಿ ಹೇಳಿದ ಕಾದಂಬರಿಯೊಂದರ ನಾಯಕಿ ಮಾತುಮಾತಿಗೆ ಅಳುತ್ತಿದ್ದಳು. "ಅಳೂದರ ಮ್ಯಾಲೆಲ್ಲಾ ಬೆಲ್ಲದ ಪಾಕ ಸುರದಾನ. ಕೈ ಅಂಟ್ಲಿಕತ್ತದ," ಎಂದವರು ಎದ್ದು ಹೋಗಿ ನಿಜವಾಗಿಯೂ ಕೈ ತೊಳೆದು ಬಂದರು. ನನಗೆ ಸಿಟ್ಟು ಬಂತು. ಮನೆಗೆ ಹೋಗಿ ಮತ್ತೆ ಓದಿದೆ. ಅಂಟಿತು.

ನಮ್ಮ ಪಕ್ಕದ ಮನೆಯವಳು, ನಾನು ಅತ್ತೆ ಎಂದು ಕರೆಯುತ್ತಿದ್ದವಳೂ ಬರುತ್ತಿದ್ದಳು. ಎಳೆಯದರಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ಮಡಿಯಲ್ಲೇ ಬದುಕಿದವಳು. ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದಳು. ಗೋಡೆಗೊರಗಿ ಸುಮ್ಮನೆ ಕೇಳುತ್ತಿದ್ದ ಅವಳು ಒಂದು ಭಾನುವಾರ ತಾನೇ ಬಾಯಿಬಿಟ್ಟು ಒಂದು ಕಾದಂಬರಿ ಹೇಳಿದಳು. ಅದರಲ್ಲಿ ಒಬ್ಬ ವಿಧವೆ ಬಚ್ಚಲಿನ ಹಂಡೆಯ ನೀರಿನಲ್ಲಿ ತನ್ನ ಬೋಳುತಲೆ ಕಂಡು, ಅದನ್ನು ಸವರಿಕೊಂಡು ಅಳುತ್ತಾಳೆ. "ಹಾಂಗೇ ಆಗ್ತು," ಎಂದಳು ಅತ್ತೆ. "ಬರೆದವಂಗೆ ಹೆಂಗೆ ಗೊತ್ತಾತೋ. ಎಲ್ಲರೂ ಓದಿ." ದೊಡ್ಡಕ್ಕೋರು ಆಗಲೇ ಸರದಿಯ ಪಟ್ಟಿ ಬರೆದರು.

ನನ್ನ ಸರದಿ ಬರುವಷ್ಟರಲ್ಲಿ ಪುಸ್ತಕದಲ್ಲಿ ಆ ಬಚ್ಚಲಿನ ಭಾಗದ ಎರಡು ಹಾಳೆ ಇರಲಿಲ್ಲ. ಬ್ಲೇಡಿನಿಂದ ಕೊಯ್ದಿದ್ದರು. ಯಾರೆಂದು ಅಣ್ಣನಿಂದಲೇ ತಿಳಿಯಿತು. ಊಟಕ್ಕೆ ಕೂತವನು ನಗುತ್ತ ಹೇಳಿದ: "ಅಧ್ಯಕ್ಷರು ಇಸ್ಪೀಟಾಡ್ತಾ ಒಂದು ಬಚ್ಚಲಮನೆ ಕತೆ ಓದಿದ್ರು ನೋಡು. ಹಾಳೆ ಕಿಸೆಯಲ್ಲೇ ಇಟ್ಕಂಡಿದ್ರು. ನಕ್ಕು ನಕ್ಕು ಸಾಕಾಯ್ತು." ವಾಚನಾಲಯದ ಅಧ್ಯಕ್ಷರು ಊರಿನ ದೊಡ್ಡ ಮನುಷ್ಯರು. ಹೆಂಗಸರೆಲ್ಲ ಒಂದೇ ಪುಸ್ತಕ ಕೇಳುವುದನ್ನು ಕಂಡು, ಕೆಟ್ಟುಹೋಗುತ್ತಾರೆಂದು ಹಾಳೆ ಕೊಯ್ದರಂತೆ. ಆಮೇಲೆ ಬಾಯಿತುಂಬ ಎಲೆಯಡಿಕೆಯ ಕವಳ ಹಾಕಿಕೊಂಡು ಗಂಡಸರೆದುರು ಓದಿದರಂತೆ. ಅತ್ತೆಯ ಅಳು ಆ ಬಾಯಲ್ಲಿ. ಅರ್ಧ ಊಟಕ್ಕೆ ಎದ್ದು ಕೈ ತೊಳೆದೆ.

ಮರುದಿನ ನನ್ನಿಂದ ಇದನ್ನು ಕೇಳಿದ ದೊಡ್ಡಕ್ಕೋರು ನನ್ನನ್ನು ಕರೆದುಕೊಂಡು ವಾಚನಾಲಯಕ್ಕೆ ಹೋದರು. ಅಧ್ಯಕ್ಷರ ಮುಂದೆ ಪುಸ್ತಕ ಇಟ್ಟು, "ಹಾಳಿ ಕೊಡ್ರಿ, ಹಚ್ಚತೀನಿ," ಎಂದರು.

"ಅದು ಹೆಂಗಸರು ಓದುವಂಥದ್ದಲ್ಲ ಅಕ್ಕೋರೆ."

"ಅದರಾಗ ಒಬ್ಬಾಕಿ ಅತ್ತಾಳ, ಅಷ್ಟ. ಹೊಲಸು ಮಾಡಿದವ್ರು ನೀವು. ನಿಮ್ಮ ಕಿಸೆದಾಗ ಇದ್ದದ್ದು ಮುಟ್ಟಾಕ ಹೇಸಿಗಿ ಬರ್ತದ. ಆದ್ರೂ ಕೊಡ್ರಿ."

ಅಧ್ಯಕ್ಷರು ಎದ್ದು ಹೋದರು. ಹಾಳೆ ಸಿಗಲಿಲ್ಲ.

ಮುಂದಿನ ಭಾನುವಾರ ಅತ್ತೆ ನೆನಪಿನಿಂದ ಹೇಳಿದಳು, ದೊಡ್ಡಕ್ಕೋರು ಬರೆದರು, ಗೋಂದು ಹಚ್ಚಿ ಅಂಟಿಸಿದೆವು. ಪುಸ್ತಕದಲ್ಲಿಲ್ಲದ ಕೆಲವು ಸಾಲುಗಳೂ ಅದರಲ್ಲಿ ಸೇರಿದವು. ದೊಡ್ಡಕ್ಕೋರು ಅವನ್ನು ತೆಗೆಯಲಿಲ್ಲ.

ಹೆಂಗಸರ ತಲೆ ಕೆಡಿಸುತ್ತಾರೆಂದು ದೊಡ್ಡಕ್ಕೋರ ಮೇಲೆ ದೂರು ಹೋಯಿತು. ಅವರನ್ನು ಯಲ್ಲಾಪುರದ ಆಚೆ, ಮಾಗೋಡಿನ ಕಡೆಯ ಒಂದು ಶಾಲೆಗೆ ವರ್ಗ ಮಾಡಿದರು. ಕೆಲವು ವರ್ಷಗಳ ನಂತರ ಅಲ್ಲಿಯೇ ಜ್ವರದಲ್ಲಿ ತೀರಿಕೊಂಡರು. ಯಾವುದನ್ನು ಮೆಚ್ಚಬೇಕೆಂದು ನನಗೆ ಹಲವರು ಕಲಿಸಿದ್ದಾರೆ. ಯಾವುದಕ್ಕೆ ಹೇಸಬೇಕೆಂದು ಕಲಿಸಿದವರು ಅವರೊಬ್ಬರೇ.

ವಾಚನಾಲಯದಲ್ಲಿ ಸಂತಾಪ ಸಭೆ ನಡೆಯಿತು. ಅದೇ ಅಧ್ಯಕ್ಷರು ಗದ್ಗದ ದನಿಯಲ್ಲಿ, ಸ್ತ್ರೀಯರಲ್ಲಿ ಓದಿನ ಅಭಿರುಚಿ ಬೆಳೆಸಿದ ಆ ಮಹನೀಯೆಗೆ ನಮ್ಮ ವಾಚನಾಲಯ ಸದಾ ಬೆಂಬಲವಾಗಿತ್ತು ಎಂದರು. ನಾನು ಏಳುವ ಮೊದಲೇ ಅತ್ತೆ ಎದ್ದು ಸೆರಗು ಸರಿಮಾಡಿಕೊಂಡಳು.

"ಏಳು ಕೂಸೆ," ಎಂದಳು, ಎದುರು ಸಾಲಿನವರಿಗೆಲ್ಲ ಕೇಳುವ ಹಾಗೆ. "ಇಲ್ಲಿ ಕುಂತ್ರೆ ಮೈಲಿಗೆ ಆಗ್ತು."